ತೊಟ್ಟಿಲು ತೂಗಿದ ಮೂರು ಬಳೆಗಳು

ನನಗೆ ಮೂರು ಬಳೆಗಳಿವೆ. ಈಗ ಹೇಳುವ ಕತೆಯಲ್ಲಿ ಒಂದು ಮಾತು ಸುಳ್ಳಾದರೂ ಆ ಮೂರೂ ಒಡೆದುಹೋಗಲಿ. ಹಿತ್ತಾಳೆಯ ಬಳೆ ಎಲ್ಲಿ ಒಡೆಯುತ್ತದೆ ಎಂದು ನೀವು ನಗಬಹುದು. ಆಣೆ ಇಡುವವರಿಗೆ ಅಷ್ಟಾದರೂ ಮುಂದಾಲೋಚನೆ ಬೇಡವೇ?

ನಾನೊಂದು ಸ್ಲಿಪ್ ರಿಂಗ್ ಮೋಟಾರ್. ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಅಲ್ಲಾಡದ ನನ್ನ ಹೊರಮೈಗೆ ಒಂದಿಷ್ಟು, ತಿರುಗುವ ಒಡಲಿಗೆ ಒಂದಿಷ್ಟು ತಾಮ್ರದ ತಂತಿ ಸುತ್ತಿದರು. ಹೊರಗಿನ ಸುರುಳಿಗೆ ಕರೆಂಟು ಕೊಟ್ಟರೆ ಕಣ್ಣಿಗೆ ಕಾಣದ ಅಯಸ್ಕಾಂತದ ಸುಳಿಯೊಂದು ನನ್ನೊಳಗೆ ಗಿರಗಿರನೆ ಸುತ್ತುತ್ತದೆ. ಅದು ಮುಟ್ಟದೆಯೇ ಒಡಲಿನ ತಂತಿಯಲ್ಲೂ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟಿಗೆ ಹರಿಯಲು ದಾರಿ ಇದ್ದರೆ ಮಾತ್ರ ಒಡಲು ತಿರುಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಜೀವ ಈ ಮಾತಿನ ಮೇಲೆಯೇ ನೇತಾಡಲಿದೆ.

ಸಾಧಾರಣ ಮೋಟಾರುಗಳ ಒಳಗೆ ತಂತಿಯ ಬದಲು ಲೋಹದ ಸರಳುಗಳ ಪಂಜರವಿರುತ್ತದೆ. ಒಡಲಿನ ಕರೆಂಟು ಅಲ್ಲೇ ಸುತ್ತಿ ಸುಸ್ತಾಗಬೇಕು. ನನ್ನದು ಹಾಗಲ್ಲ. ಮೂರು ಬಳೆಗಳಿಗೆ ಬಂದು, ಅವುಗಳ ಮೇಲೆ ಉಜ್ಜುವ ಇದ್ದಿಲಿನ ಬ್ರಷ್ಷುಗಳನ್ನು ಹತ್ತಿ, ಗೋಡೆಯ ಬಳಿ ಕರೆಂಟಿಗೆ ಅಡ್ಡಗಾಲು ಹಾಕುವ ರೆಸಿಸ್ಟೆನ್ಸ್ ಪೆಟ್ಟಿಗೆಯವರೆಗೆ ಸವಾರಿ ಹೋಗಿಬರುತ್ತದೆ. ಕರೆಂಟಿಗೆ ಸಿಕ್ಕ ತಿರುಗಾಟ ನನಗೆ ಸಿಗಲಿಲ್ಲ ನೋಡಿ. ಪಂಜರವಿಲ್ಲದ ನನ್ನನ್ನು ನಾಲ್ಕು ಬೋಲ್ಟು ಹಾಕಿ ಸಿಮೆಂಟಿಗೆ ಬಿಗಿದರು, ಸುತ್ತ ಜಾಲರಿ ಬಡಿದರು. ಸಾವಿರ ಸಲ ಸುತ್ತಿದರೂ ಒಂದು ಗೇಣು ಮುಂದೆ ಹೋಗದ ಜನ್ಮ ನನ್ನದು.

ನನ್ನ ಮೊದಲ ಸೆರೆಮನೆ ಒಂದು ಸುಣ್ಣದ ಗಿರಣಿ. ಕಲ್ಲು ಮತ್ತು ಕಬ್ಬಿಣದ ಗುಂಡು ತುಂಬಿದ ದೈತ್ಯ ಪೀಪಾಯಿಯನ್ನು ನಾನು ಉರುಳಿಸಬೇಕಿತ್ತು. ಪಂಜರದ ಮೋಟಾರ್ ಅದನ್ನು ಎಬ್ಬಿಸಲು ಹೋದರೆ ಒಂದೇ ಗುಟುಕಿಗೆ ಕರೆಂಟು ಕುಡಿದು, ಊರಿನ ದೀಪಗಳೆಲ್ಲ ಕಣ್ಣು ಮುಚ್ಚುತ್ತಿದ್ದವು. ನನ್ನ ದಾರಿಯಲ್ಲಿ ಮೊದಲು ಪೂರ್ತಿ ರೆಸಿಸ್ಟೆನ್ಸ್ ಇಡುತ್ತಾರೆ. ಆಗ ನಾನು ಕುಡಿಯುವುದು ಕಡಿಮೆ, ಎತ್ತುವುದು ಜಾಸ್ತಿ. ಪೆಟ್ಟಿಗೆಯ ಹಿಡಿಕೆಯನ್ನು ಒಂದೊಂದೇ ಮೆಟ್ಟಿಲು ಸರಿಸುತ್ತ ಅದನ್ನು ಕಡಿಮೆ ಮಾಡಿದಂತೆ ವೇಗ ಏರುತ್ತದೆ. ಭಾರ ಹೊತ್ತೇ ಏಳಬೇಕಾದ ಕಡೆ ನನ್ನಂಥವರೇ ಬೇಕು.

ಗಿರಣಿ ಮುಚ್ಚಿದ ಮೇಲೆ ಇಳಕಲ್ಲಿನ ಕಡೆಯ ಒಂದು ಕಲ್ಲಿನ ಕ್ವಾರಿಗೆ ಬಂದೆ. ಮತ್ತೆ ನಾಲ್ಕು ಬೋಲ್ಟು, ಮತ್ತೆ ಜಾಲರಿ. ಆಳದ ಗುಂಡಿಗೆ ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಬುಟ್ಟಿಯನ್ನು ಎಳೆಯುವುದು ನನ್ನ ಕೆಲಸ. ಅದನ್ನು ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು. ಒಂದಿಷ್ಟು ರೆಸಿಸ್ಟೆನ್ಸ್ ಉಳಿಸಿಕೊಂಡರೆ ನಾನು ಮೆಲ್ಲಗೆ ತಿರುಗುತ್ತೇನೆ, ತೊಟ್ಟಿಲು ಜರ್ಕು ಹೊಡೆಯುವುದಿಲ್ಲ.

ನನ್ನ ಹಿಡಿಕೆ ಹಿಡಿದವನು ದ್ಯಾಮಣ್ಣ. ಆಡಿನಂತೆ ಅರಚಿ ಆಡನ್ನೇ ಮೋಸಗೊಳಿಸುವ ಗಂಟಲು ಅವನದು. ತೀರಿಹೋದ ಧಣಿ ಸಂಗನಬಸಪ್ಪನವರ ಕೆಮ್ಮಿನಿಂದ ಹಿಡಿದು ನನ್ನ ಗೊಣಗಾಟದವರೆಗೆ ಅವನಿಗೆ ಬಾರದ ದನಿಯಿಲ್ಲ. ಈಗ ಕ್ವಾರಿಯ ಯಜಮಾನಿಕೆ ಧಣಿಯ ಮಗಳು ನೀಲಗಂಗವ್ವನವರದು. ಎಲ್ಲರಿಗೂ ಅವರು ಅಕ್ಕಾರು.

ಆ ಅಕ್ಕಾರು ನನ್ನನ್ನು ಗುಜರಿಗೆ ಹಾಕಲು ನಿಶ್ಚಯಿಸಿದ್ದರು. ಬ್ರಷ್ಷು ಸವೆಯುತ್ತದೆ, ಬಳೆಗೆ ಧೂಳು ಕೂರುತ್ತದೆ, ಪೆಟ್ಟಿಗೆಯ ಕಾವಿನಲ್ಲಿ ಕರೆಂಟು ಪೋಲಾಗುತ್ತದೆ, ಈಗಿನ ಪಂಜರದ ಮೋಟಾರಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಜೋಡಿಸಿದರೆ ಅದೂ ಮೆಲ್ಲಗೆ ಏಳುತ್ತದೆ ಎಂದರು. ಸುಳ್ಳಲ್ಲ. ಆಯುಧಪೂಜೆ ಮುಗಿದರೆ ನನ್ನ ಕತೆಯೂ ಮುಗಿಯುವುದಿತ್ತು.

ಕ್ವಾರಿಯಲ್ಲೊಂದು ಪದ್ಧತಿ. ಆಳುಗಳನ್ನು ಗುಂಡಿಗೆ ಕಳಿಸುವವರು ವರ್ಷಕ್ಕೊಮ್ಮೆಯಾದರೂ ತಾವೂ ನೇತಾಡಬೇಕೆಂದು ಹಿರಿಯ ಧಣಿ ಮಾಡಿಟ್ಟದ್ದು. ಆಯುಧಪೂಜೆಯ ದಿನ ಧಣಿ ಒಬ್ಬರೇ ತೊಟ್ಟಿಲಲ್ಲಿ ಕೂತು ಅರ್ಧ ಗುಂಡಿಗೆ ಇಳಿಯಬೇಕು. ಮೇನ್ ಸ್ವಿಚ್ ಕೆಳಗೆ ಎಳೆದು ನನಗೆ ಪೂಜೆ. ಮುಗಿಯುವವರೆಗೆ ಅವರು ಅಲ್ಲೇ, ತೊಟ್ಟಿಲನ್ನು ಬ್ರೇಕು ಕಚ್ಚಿ ಹಿಡಿದಿರುತ್ತದೆ.

ಅಂದು ಅಕ್ಕಾರು ಇಳಿದರು, ಸ್ವಿಚ್ಚೂ ಇಳಿಯಿತು. ಈ ಪೂಜೆಗೆ ಹೊಸಬರಾದ ಪೂಜಾರಿ ಚನ್ನಯ್ಯನವರು ನನ್ನ ಮುಚ್ಚಳ ತೆಗೆದರು. ಸಾಲಾಗಿ ಮೂರು ಬಳೆ ಕಂಡದ್ದೇ ಅವರಿಗೆ ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಕಂಡಂತಾಯಿತು. ಕೈಮುಗಿದು ಒಂದೊಂದೇ ಬ್ರಷ್ಷನ್ನು ಮೆಲ್ಲಗೆ ಎತ್ತಿ, ಬಳೆಗೂ ಅದಕ್ಕೂ ನಡುವೆ ಬಿಲ್ವಪತ್ರೆ ಸಿಕ್ಕಿಸಿ, ಮುಚ್ಚಳ ಹಾಕಿದರು. ಯಾರೂ ನೋಡಲಿಲ್ಲ. ಎಲ್ಲರ ಕಿವಿ ಹಬ್ಬದ ಮೈಕು ಹಿಡಿದ ದ್ಯಾಮಣ್ಣನ ಕಡೆಗಿತ್ತು.

ಮೈಕಿನಲ್ಲಿ ಹಿರಿಯ ಧಣಿ ಕೆಮ್ಮಿದರು! "ನೀಲಗಂಗಾ! ಆ ಮೋಟಾರ ಗುಜರಿಗೆ ಹಾಕ್ತಿಯಂತ? ಹಾಕೂದಿಲ್ಲಂತ ಮಾತ ಕೊಡು, ಇಲ್ಲಂದ್ರ ಅಲ್ಲೇ ಕುಂದರು!"

ತೊಟ್ಟಿಲಿನಿಂದ ಅಕ್ಕಾರ ದನಿ ಮೇಲೆ ಬಂತು. "ಆತು ಯಪ್ಪಾ, ಹಾಕೂದಿಲ್ಲ. ಮ್ಯಾಲ ಕರಕೋ!"

ನೆರೆದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ದ್ಯಾಮಣ್ಣ ಸ್ವಿಚ್ ಏರಿಸಿ ಹಿಡಿಕೆ ಸರಿಸಿದ. ಬ್ರೇಕು ಬಿಟ್ಟಿತು. ನಾನು 'ಹುಂ' ಎಂದೆ, ಏಳಲಿಲ್ಲ. ತೊಟ್ಟಿಲು ಸರ್ರನೆ ಒಂದು ಮಾರು ಜಾರಿತು! ಅವನು ಹಿಡಿಕೆ ಹಿಂದಕ್ಕೆಳೆದ, ಬ್ರೇಕು ಕಚ್ಚಿತು. ಇನ್ನೊಮ್ಮೆ ಪ್ರಯತ್ನಿಸಿದರೆ ಇನ್ನೊಂದು ಮಾರು. ಈ ಸಲ ಬ್ರೇಕಿನ ಪಟ್ಟಿ ಸುಟ್ಟ ವಾಸನೆ. ಮೂರನೆಯ ಸಲ ಅದು ಕಚ್ಚುತ್ತದೆಂದು ಯಾರು ಹೇಳಬೇಕು? ಕೆಳಗೆ ಕೊಡಲಿಯ ಬಾಯಿಯಂಥ ಕಲ್ಲು.

"ಏ ದ್ಯಾಮ್ಯಾ, ಸಾಕ ಬಿಡೋ ಚ್ಯಾಷ್ಟಿ!" ಅಕ್ಕಾರು ಕೂಗಿದರು.

"ಚ್ಯಾಷ್ಟಿ ಅಲ್ರಿ ಅಕ್ಕಾರ... ಮೋಟಾರ್ ಏಳವಲ್ದು."

ನಗು ನಿಂತಿತು. ಬೋಲ್ಟಿನಲ್ಲಿ ಕಾಲು, ಜಾಲರಿಯಲ್ಲಿ ಮೈ, ಬಾಯಲ್ಲಿ ಎಲೆ. ಕಾರಣ ಗೊತ್ತಿದ್ದೂ ಹೇಳಲಾಗದ ಸೆರೆ ಎಂಥದೆಂದು ನನಗೆ ತಿಳಿದದ್ದು ಅಂದೇ.

ಗುಂಡಿಯೊಳಗಿಂದ ಅಕ್ಕಾರು ಮತ್ತೆ ಕೂಗಿದರು. "ನಮ್ಮಪ್ಪನಂಗ ಮಾತಾಡಿದಿ. ಈಗ ಆ ಮೋಟಾರಿನಂಗ ಮಾತಾಡು! ದಿನಾ ಏಳುವಾಗ ಏನಂತಿತ್ತು? ಇವತ್ತ ಏನಂತೈತಿ?"

ದ್ಯಾಮಣ್ಣ ಹಿಡಿಕೆ ಬಿಟ್ಟ. ಕಣ್ಣು ಮುಚ್ಚಿ ನನ್ನ ದಿನದ ದನಿ ತೆಗೆದ: "ಗುರ್ರ್... ಹುಂ... ಚಟ್, ಚಟ್." ಆಮೇಲೆ ಇಂದಿನದು: "ಹುಂ..." ಅಷ್ಟಕ್ಕೇ ನಿಂತ.

"ಚಟ್ ಚಟ್ ಎಲ್ಲಿ ಹೋತು? ಅದು ಪೆಟ್ಟಿಗಿ ಕಾಯೂ ಸಪ್ಪಳ!" ಎನ್ನುತ್ತ ಅವನೇ ಓಡಿಹೋಗಿ ರೆಸಿಸ್ಟೆನ್ಸ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ತಣ್ಣಗೈತಿ! ಕರೆಂಟು ಇಲ್ಲಿತನಕ ಬಂದೇ ಇಲ್ಲ. ಬಳಿ ನೋಡ್ರಪೋ, ಬಳಿ!"

ಸ್ವಿಚ್ ಇಳಿಸಿ ಮುಚ್ಚಳ ತೆಗೆದರೆ ಬ್ರಷ್ಷುಗಳ ಕೆಳಗೆ ಹಚ್ಚಗೆ ಪತ್ರೆ.

"ಗಾಳಿಗೆ ಹಾರಬಾರ್ದಂತ ಒತ್ತಿ ಇಟ್ಟಿದ್ನೆಪಾ," ಎಂದರು ಚನ್ನಯ್ಯನವರು, ಮುಖದ ಬಣ್ಣ ಹಣೆಯ ವಿಭೂತಿಯಂತಾಗಿತ್ತು.

ಎಲೆ ತೆಗೆದರು. ದ್ಯಾಮಣ್ಣ ಹಿಡಿಕೆ ಮುಟ್ಟಿದ. ಗುರ್ರ್, ಚಟ್ ಚಟ್! ಅಷ್ಟು ಮೆಲ್ಲಗೆ, ಅಷ್ಟು ಜೋಪಾನವಾಗಿ ನಾನು ಯಾವ ಭಾರವನ್ನೂ ಎತ್ತಿರಲಿಲ್ಲ.

ಮೇಲೆ ಬಂದ ಅಕ್ಕಾರು ಸೆರಗು ಕೊಡವಿಕೊಂಡು ದ್ಯಾಮಣ್ಣನನ್ನು ದುರುಗುಟ್ಟಿ ನೋಡಿದರು. "ನಮ್ಮಪ್ಪ ಒಂದ ದಿನಾನೂ ನನ್ನ ಹೆಸರ ಹಿಡದ ಕರದಿಲ್ಲೋ, ಭಾಡ್ಯಾ. 'ಸಾಹೇಬ್ರ' ಅಂತಿದ್ದ."

"ಮತ್ತ ಮಾತ ಕೊಟ್ರಲ್ರೀ?"

"ನೇತಾಡಾವ್ರು ಏನ ಬೇಕಾದ್ರೂ ಕೊಡತಾರ." ಆಮೇಲೆ ನನ್ನ ಕಡೆ ತಿರುಗಿದರು. "ಕೆಲಸ ಬಿಡಿಸ್ತೇನಿ. ಗುಜರಿಗೆ ಹಾಕೂದಿಲ್ಲ."

ಈಗ ನನ್ನ ಜಾಗದಲ್ಲಿ ಪಂಜರದವನಿದ್ದಾನೆ. ನಾನು ಶೆಡ್ಡಿನ ಮೂಲೆಯಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಕೂತಿದ್ದೇನೆ. ಬೋಲ್ಟಿಲ್ಲ, ಜಾಲರಿಯಿಲ್ಲ. ಬಿಡುಗಡೆಯಾಗಿದೆ, ಆದರೆ ಎಲ್ಲಿಗೂ ಹೋಗಲಾರೆ. ಆಯುಧಪೂಜೆಯಂದು ಅಕ್ಕಾರು ಹೊಸ ಮೋಟಾರಿನ ಮುಚ್ಚಳಕ್ಕೆ ತಾವೇ ಬೀಗ ಹಾಕಿಸಿ ತೊಟ್ಟಿಲು ಹತ್ತುತ್ತಾರೆ. ಚನ್ನಯ್ಯನವರು ತಮ್ಮ ಬುಟ್ಟಿಯ ಪತ್ರೆಯನ್ನೆಲ್ಲ ನನ್ನ ಬಳೆಗಳಿಗೇ ಏರಿಸುತ್ತಾರೆ. ತೊಟ್ಟಿಲು ಅರ್ಧಕ್ಕೆ ನಿಂತ ಕೂಡಲೇ ದ್ಯಾಮಣ್ಣ ಮೈಕು ಹಿಡಿದು ನನ್ನ ದನಿಯಲ್ಲಿ ಕೇಳುತ್ತಾನೆ: "ಹುಂ... ಸಾಹೇಬ್ರ, ಎಲಿ ತಗೀಲೇನ್ರಿ?"

ಮೇಲೆ ನಿಂತವರೆಲ್ಲ ನಗುತ್ತಾರೆ. ಆದರೆ ಗುಂಡಿಯ ನಾಲ್ಕು ಗೋಡೆಗೂ ಬಡಿದು, ನನ್ನ ಮೂಲೆಯವರೆಗೆ ಬಂದು, ತುಕ್ಕು ಹಿಡಿದ ನನ್ನ ಬ್ರಷ್ಷಿನ ಸ್ಪ್ರಿಂಗುಗಳನ್ನೂ ಅದುರಿಸುವ ನಗು ಒಂದೇ. ಅದು ತೊಟ್ಟಿಲಿನಲ್ಲಿ ಒಬ್ಬರೇ ನೇತಾಡುತ್ತಿರುವ ಅಕ್ಕಾರದು.