ಎಡಗೈ

ಜಂಗಮ ಅಯ್ಯನವರು ತೀರಿಹೋದ ಸಂಗಮನಾಥನ ಎಡಗೈ ಎತ್ತಿ ಅಂಗೈಯಲ್ಲಿ ಅವನ ಇಷ್ಟಲಿಂಗ ಇಟ್ಟರು. ಮರಗಟ್ಟಿದ ಬೆರಳುಗಳು ಮಡಿಯಲಿಲ್ಲ. ಹೂ ಕಟ್ಟಿದ ವಿಮಾನದಲ್ಲಿ ಕೂರಿಸಿದ್ದ ಹೆಣದ ತೊಡೆಯ ಮೇಲೆ ಲಿಂಗ ಜಾರಿ ಬಿತ್ತು.

"ಯಾರರೆ ಅವನ ಕೈ ಹಿಡ್ಕೋರಿ," ಎಂದರು ಅಯ್ಯನವರು.

ತಂಗಿ ವೈಷ್ಣವಿ ಗೋಡೆ ಬಿಟ್ಟು ಕದಲಲಿಲ್ಲ.

ಬಾಗಿಲಲ್ಲಿ ನಾಸಿಕ್‌ನಿಂದ ಬಂದಿದ್ದ ವಿಶ್ವನಾಥಪ್ಪ ಕಾಕಾ ಕೇಳುತ್ತಿದ್ದರು: "ಇಪ್ಪತ್ತೊಂಬತ್ತು ವರ್ಷಕ್ಕ ಲಕ್ವಾ ಹೊಡೀತದೇನ್ರಿ? ಬಿಪಿ ಇಲ್ಲ, ಶುಗರ್ ಇಲ್ಲ. ಒಂದು ಗುಟ್ಕಾ ತಿಂದಾಂವಲ್ಲ."

"ಯಾರದೋ ನಜರ್ ಆಗ್ಯದ ಬಿಡ್ರಿ," ಎಂದಳು ನೆರೆಮನೆಯ ಶಾಂತಾಬಾಯಿ.

\*

ಸೋಮವಾರ ಬೆಳಿಗ್ಗೆ ಪೂಜೆಗೆ ಕುಳಿತಿದ್ದ ಅಣ್ಣನ ಕೈಯಿಂದ ಲಿಂಗ ಠಣ್ಣನೆ ತಾಟಿಗೆ ಬಿದ್ದಿತ್ತು. ವೈಷ್ಣವಿ ತಿರುಗಿ ನೋಡಿದಳು. ಅವನ ಬಾಯಿ ವಾರೆಯಾಗಿತ್ತು. ಅಣಕಿಸುತ್ತಿದ್ದಾನೆಂದು ನಕ್ಕುಬಿಟ್ಟಳು.

"ಕೈ... ಏಳವಲ್ದು," ಎಂದು ತೊದಲಿದ.

ಹತ್ತೇ ನಿಮಿಷ. ಆಮೇಲೆ ಮುಷ್ಟಿ ಕಟ್ಟಿ, ಬಿಚ್ಚಿ ತೋರಿಸಿದ. "ನೋಡು, ಜೋಮು ಹಿಡದಿತ್ತು. ಕಟಿಂಗ್ ಅಂಗಡ್ಯಾಗ ಕುತ್ತಿಗಿ ತಿರುವಿ ಲಟಕ್ ಅನಿಸಿದಾಗಿಂದ ಒಂಥರಾ ನೋಯ್ತದ."

"ದವಾಖಾನಿಗಿ ಹೋಗೂಣ ನಡಿ, ದಾದಾ."

"ಇಷ್ಟಕ್ಕ? ಅವ್ವನ ಮುಂದ ಹೇಳಬ್ಯಾಡ. ಲಿಂಗ ಬಿತ್ತಂದ್ರ ಆಕಿ ಊಟ ಬಿಡ್ತಾಳ. ನನ್ನ ಆಣಿ."

ಅವಳು ಒಪ್ಪಿ ತಲೆಯಾಡಿಸಿದಳು.

ಗುರುವಾರ ಅವನು ತಾನು ಕೆಲಸಕ್ಕಿದ್ದ ವಾಳೂಜಿನ ಕಾರ್ಖಾನೆಯಲ್ಲಿ ಕುಸಿದ. ಕುತ್ತಿಗೆಯ ರಕ್ತನಾಳ ಒಳಗೇ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿದೆ ಎಂದರು ಡಾಕ್ಟರು. ಮೊದಲು ಎಂದಾದರೂ ಕೈ ಸೋತಿತ್ತೇ ಎಂದು ಕೇಳಿದರು.

"ನಾಹೀ," ಎಂದು ಅವ್ವ ಮರಾಠಿಯಲ್ಲೇ ಇಲ್ಲವೆಂದಳು.

ವೈಷ್ಣವಿ ಡಾಕ್ಟರ ಹಿಂದೆ ಓಡಿ, ಮೆಟ್ಟಿಲ ಬಳಿ ಎಲ್ಲ ಹೇಳಿದಳು.

"ಸೋಮವಾರವೇ? ಆಗಲೇ ಕರೆತರಬೇಕಿತ್ತು," ಎಂದ ಅವರು ಫೈಲು ಮುಚ್ಚಿದರು.

\*

"ಬಾರವಾ ತಂಗಿ, ಹೊತ್ತಾತು," ಎಂದು ಅಯ್ಯನವರು ಮತ್ತೆ ಕರೆದರು.

ವೈಷ್ಣವಿ ಬಂದು ಅಣ್ಣನ ತಣ್ಣನೆಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು. ಅಯ್ಯನವರು ಲಿಂಗ ಇಟ್ಟರು.

ಅವ್ವ ಈರಮ್ಮ ಎಲ್ಲರ ಮುಖ ನೋಡಿದಳು. "ಸತ್ತ ಮ್ಯಾಲ ಬಿತ್ತು ನೋಡ್ರಿ. ಜೀವ ಇರೂತನಕ ಒಂದು ದಿನ ನನ್ನ ಮಗನ ಕೈಲಿಂದ ಲಿಂಗ ಬಿದ್ದಿಲ್ಲ. ಹೌದಿಲ್ಲೋ, ವೈಶೂ?"

"ಹೂಂ, ಅವ್ವಾ."

ನಾಲ್ವರು ವಿಮಾನಕ್ಕೆ ಹೆಗಲು ಕೊಟ್ಟರು. "ಕೈ ಬಿಡವ್ವಾ, ಎತ್ತತೀವಿ," ಎಂದರು ಕಾಕಾ.

ವಿಮಾನ ಮೇಲೆದ್ದಿತು. ಅದರೊಂದಿಗೆ ವೈಷ್ಣವಿಯ ತೋಳುಗಳೂ ಮೇಲೇರಿದವು; ಹಿಮ್ಮಡಿ ನೆಲ ಬಿಟ್ಟರೂ ಅವಳು ಲಿಂಗವಿದ್ದ ಆ ಕೈಯನ್ನು ಒತ್ತಿ ಹಿಡಿದೇ ಇದ್ದಳು.