ತುಂಗಾಬಾಯಿಯವರ ಮಡಿ ಮತ್ತು ಸೂಜಿಯಿಲ್ಲದ ಇನ್ಸುಲಿನ್

ಶಹಾಬಜಾರದಲ್ಲಿ ನಮ್ಮ ಪಕ್ಕದ ಮನೆ ತುಂಗಾಬಾಯಿಯವರದು. ಮಡಿಯಲ್ಲಿ ಬಲು ಕಟ್ಟುನಿಟ್ಟಿನವರು. ಅವರು ಸ್ನಾನ ಮಾಡಿ ಮಡಿ ಉಟ್ಟರೆಂದರೆ, ನೈವೇದ್ಯವಾಗಿ ಊಟ ಮುಗಿಯುವವರೆಗೆ ಮೊಮ್ಮಕ್ಕಳೂ ಹತ್ತಿರ ಸುಳಿಯುವಂತಿಲ್ಲ. ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಈಚೆಗೆ ಎಡವಿ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಸೊಸೆ ಮೃದುಲಾಗೆ ಊಟ ಸೇರುತ್ತಿರಲಿಲ್ಲ.

ಕಮಲಾಪುರದ ಭಾಗಮ್ಮ ನೈವೇದ್ಯಕ್ಕೆಂದು ಕೆಂಪು ಬಾಳೆಹಣ್ಣು ತಂದುಕೊಡುವ, ತುಂಗಾಬಾಯಿಯವರ ಹಳೆಯ ಗೆಳತಿ. ಅವಳಿಗೂ ಸಕ್ಕರೆ ಕಾಯಿಲೆ ಇದೆ. ಅವಳು ಬಂದು ಕಟ್ಟೆಯ ಮೇಲೆ ಕೂತಾಗ ನಾನೂ ಅಲ್ಲೇ ಇದ್ದೆ. ಮೃದುಲಾ ಫ್ರಿಜ್ಜಿನಿಂದ ಇನ್ಸುಲಿನ್ ಪೆನ್ನು ತಂದು ಮುಂದಿಟ್ಟಳು.

“ನೋಡ್ರಿ ಭಾಗಮ್ಮ, ಇಷ್ಟೊತ್ತಿಗೆ ಮುಗೀಬೇಕಿತ್ತು. ಇನ್ನೂ ಬಾಳ ಉಳದದ. ಅತ್ತ್ಯಾರು ಸರಿಯಾಗಿ ತಗೋಳಾಕತ್ತಿಲ್ಲ.”

ತುಂಗಾಬಾಯಿ ಸೊಸೆಯತ್ತ ತಿರುಗಿದರು. “ಮಡ್ಯಾಗ ಸೂಜಿ ಹ್ಯಾಂಗ ಚುಚ್ಚಿಕೊಳ್ಳಲಿ? ಒಂದು ಹನಿ ರಕ್ತ ಬಂತಂದ್ರ ಮಡಿ ಹೋಗ್ತದ. ಅದಕ್ಕ ಮಧ್ಯಾಹ್ನದ್ದು ಬಿಡ್ತೀನಿ.”

“ಡಾಕ್ಟರ್‌ಗೆ ಹೇಳೀರೇನ್ರಿ?” ಎಂದಳು ಭಾಗಮ್ಮ.

“ಅವರ ಮುಂದ ಮಡಿ ಮೈಲಿಗಿ ಮಾತು ಏನಂತ ಹೇಳೂದು?”

ನನಗೆ ಸಿಟ್ಟೇ ಬಂತು. ಪಾಪ, ಡಾಕ್ಟರು ಔಷಧ ಸಾಲುತ್ತಿಲ್ಲ ಎಂದುಕೊಂಡು ಅಳತೆ ಏರಿಸುತ್ತಲೇ ಇದ್ದರು.

ಭಾಗಮ್ಮ ಚೀಲದಿಂದ ಪೀಪಿಯಂಥ ಪುಟ್ಟ ಸಾಧನ ತೆಗೆದಳು. “ಬಾಯಾರ, ಇದರಾಗ ಇನ್ಸುಲಿನ್ ಪುಡಿ ಹಾಕ್ತಾರ. ಊಟಕ್ಕ ಕೂತಾಗ ಬಾಯಾಗಿಟ್ಟು ಉಸಿರು ಒಳಗ ಎಳಕೋತೀನಿ. ಸೂಜಿ ಇಲ್ಲ, ರಕ್ತ ಇಲ್ಲ.”

“ಬಾಯಾಗ ಇಟ್ಟರ ಎಂಜಲ ಆಗಂಗಿಲ್ಲೇನು?”

“ತಾಟಿನ ಮುಂದ ಕೂತ ಮ್ಯಾಲ ಎಂಜಲ ಆಗೂದ ಅಲ್ಲೇನ್ರಿ?”

ತುಂಗಾಬಾಯಿ ಮಾತಿನಲ್ಲಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಇಲ್ಲಿ ಕೊಡು, ಒಮ್ಮೆ ಎಳದು ನೋಡ್ತೀನಿ” ಎಂದು ಕೈಚಾಚಿದರು.

ಭಾಗಮ್ಮ ಅದನ್ನು ಚೀಲಕ್ಕೆ ಹಾಕಿಕೊಂಡಳು. “ಇದು ನನ್ನ ಅಳತೀದು. ನಿಮ್ಮದು ಡಾಕ್ಟರ್ ಹೇಳಬೇಕು.”

ಮರುದಿನವೇ ಸೂಪರ್ ಮಾರ್ಕೆಟ್ ಹತ್ತಿರದ ದವಾಖಾನೆಗೆ ಹೋದೆವು. ನರ್ಸ್ ಅಂಬರೀನ್ ನಗುತ್ತಾ ಕೂರಿಸಿಕೊಂಡಳು. ತುಂಗಾಬಾಯಿ ಮಡಿಯ ಮಾತನ್ನೆಲ್ಲ ಅವಳಿಗೆ ಹೇಳಿದರು. “ಉಸಿರಿನಾಗ ಹೋದ ಔಷಧ ರಕ್ತಕ್ಕ ಹ್ಯಾಂಗ ಸೇರ್ತದ ತಾಯಿ?”

“ಪುಪ್ಪಸದ ಒಳಪದರ ಬಾಳ ತೆಳು ಅಮ್ಮಾ. ಪುಡಿ ಅಲ್ಲೇ ಕರಗಿ ಜಲ್ದಿ ರಕ್ತಕ್ಕ ಹೋಗ್ತದ. ಚರ್ಮದ ಮ್ಯಾಲ ಇಟ್ಟು ಒತ್ತಿದ್ರ ಸೂಜಿ ಇಲ್ದ ಔಷಧ ಒಳಗ ಚಿಮ್ಮಿಸೋ ಸಾಧನನೂ ಅದ. ಆದ್ರ ಎಲ್ಲಾರಿಗೂ ಎಲ್ಲಾ ಹೊಂದಂಗಿಲ್ಲ. ದಮ್ಮಿನ ಕಾಯಿಲೆ ಇದ್ದವರಿಗೆ, ಬೀಡಿ ಸೇದೋರಿಗೆ ಈ ಪುಡಿ ಬ್ಯಾಡ. ಕೆಲವರಿಗೆ ಕೆಮ್ಮು ಬರ್ತದ. ಮೊದಲ ಉಸಿರಿನ ಪರೀಕ್ಷೆ ಮಾಡ್ತೀವಿ.”

“ಹಂಗಾರ ಸೂಜಿ ಪೂರ್ತಿ ಬಿಡ್ಲೇನು?”

“ಇಲ್ಲಮ್ಮಾ. ಇಡೀ ದಿನ ಕೆಲಸ ಮಾಡೋ ಇನ್ಸುಲಿನ್ ಸೂಜೀಲೇ ತಗೋಬೇಕು. ಬೆರಳು ಚುಚ್ಚಿ ಸಕ್ಕರೆ ನೋಡೂದೂ ಬಿಡಂಗಿಲ್ಲ. ಮುಂಜಾನಿ ಅವೆರಡೂ ಸ್ನಾನಕ್ಕಿಂತ ಮೊದಲ ಮುಗಿಸ್ರಿ. ನಡುವ ಸಕ್ಕರೆ ನೋಡೂದು ಯಾವಾಗ ಅಂತ ಡಾಕ್ಟರ್‌ನ ಕೇಳ್ರಿ.”

ಮಡಿಯನ್ನು ಹಳಿಯದೆ ಅದರೊಳಗೇ ದಾರಿ ಹುಡುಕಿದ ಆ ಹುಡುಗಿಯನ್ನು ಕಂಡು ನನಗೆ ಬಹಳ ಹೆಮ್ಮೆಯಾಯಿತು. ಅಳುಕುತ್ತಲೇ ತುಂಗಾಬಾಯಿ ಡಾಕ್ಟರಿಗೂ ನಿಜ ಹೇಳಿದರು. ಉಸಿರಿನ ಪರೀಕ್ಷೆ ಸರಿ ಬಂತು. ಡಾಕ್ಟರು ಅಳತೆಗಳನ್ನೆಲ್ಲ ಹೊಸದಾಗಿ ಬರೆದುಕೊಟ್ಟು, ಸಕ್ಕರೆ ತೀರಾ ಇಳಿದರೆ ಏನು ಮಾಡಬೇಕೆಂದೂ ತಿಳಿಸಿದರು.

ಗಾಯಕ್ಕೆ ದಿನಾ ಪಟ್ಟಿ ಕಟ್ಟಿದ್ದು ಮೃದುಲಾ. ಮೂರು ತಿಂಗಳಿಗೆ ಗಾಯ ಮಾಯಿತು. ಬೆರಳು ತೆಗೆಯುವುದು ಬೇಡ ಎಂದು ಡಾಕ್ಟರು ಹೇಳಿದಾಗ ಅವಳು ಅಲ್ಲೇ ಕೂತು ಅತ್ತುಬಿಟ್ಟಳು.

ಈಗ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಲ್ಲಿ ಸಕ್ಕರೆ ಕಾಯಿಲೆಯವರು ಸಿಕ್ಕರೆ ತುಂಗಾಬಾಯಿ ಬಿಡುವುದಿಲ್ಲ. “ಯಾವ ಹೊತ್ತಿನ ಔಷಧ ತಪ್ಪಸಾಕತ್ತೀರಿ? ಖರೆ ಹೇಳ್ರಿ” ಎಂದು ಕೇಳುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಅದೇ ಪ್ರಶ್ನೆ. ಸೂಜಿಯ ಭಯವಿರಲಿ, ಮಡಿಯಿರಲಿ, ನಾಚಿಕೆಯಿರಲಿ, ಮುಚ್ಚಿಡಬೇಡಿ. ನಿಮ್ಮಷ್ಟಕ್ಕೆ ನೀವೇ ಸೂಜಿ ನಿಲ್ಲಿಸಲೂ ಬೇಡಿ. ಸೂಜಿಯಿಲ್ಲದ ಇನ್ಸುಲಿನ್ ನಿಮಗೆ ಹೊಂದುತ್ತದೆಯೇ, ಬೆಲೆ ಎಷ್ಟು ಎಂದು ಡಾಕ್ಟರನ್ನೇ ಕೇಳಿ. ನೀವು ಬಿಟ್ಟ ಹೊತ್ತು ಯಾವುದೆಂದು ಅವರಿಗೆ ಈ ವಾರವೇ ಹೇಳಿಬಿಡಿ.