ನೆಲ ಬಿಟ್ಟು ನೆಲ ಮುಟ್ಟುವವರೆಗೆ

ನನ್ನ ಗಂಡನ ಕೆಲಸ ವಿಮಾನಗಳ ದಾರಿ ಲೆಕ್ಕ ಹಾಕುವುದು. ಎರಡು ನಿಲ್ದಾಣಗಳ ನಡುವೆ ಎಷ್ಟು ದೂರ, ಎದುರುಗಾಳಿ ಎಷ್ಟು, ಎಷ್ಟು ಹೊತ್ತು ಹಾರಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಕಕ್ಕಾಬಿಕ್ಕಿ. ಅಮ್ಮ ಅವರನ್ನು 'ಗಾಳಿ ಅಳಿಯ' ಎಂದು ಕರೆಯುತ್ತಿದ್ದಳು. ತಾಯಿಯಿಲ್ಲದೆ ಬೆಳೆದ ಮನುಷ್ಯ; ಅಮ್ಮ ಏನು ಕರೆದರೂ ಓಗೊಡುತ್ತಿದ್ದರು.

ಆ ಬೆಳಿಗ್ಗೆ ತಮ್ಮ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಎತ್ತಿಕೊಂಡವರು ಇವರೇ. ಆಸ್ಪತ್ರೆಯಲ್ಲಿದ್ದ ಅಮ್ಮನಿಗೆ ಉಸಿರಾಟ ತೀರಾ ಕಷ್ಟವಾಗಿತ್ತು. ನಿದ್ದೆಯ ಸೂಜಿ ಹಾಕಿದರೆ ಸಂಕಟ ತಿಳಿಯುವುದಿಲ್ಲ, ಆದರೆ ಮತ್ತೆ ಎಚ್ಚರವಾಗುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಮಗಳನ್ನು ನೋಡಿಯೇ ಮಲಗುತ್ತೇನೆ ಎಂದು ಅಮ್ಮ ಹಟ ಹಿಡಿದಿದ್ದಳು.

"ಅಕ್ಕ ಬರೋಕೆ ಎಷ್ಟು ಹೊತ್ತಾಗುತ್ತೆ ಬಾವ?"

"ಒಂದು ಗಂಟೆ ಹತ್ತು ನಿಮಿಷ. ಇವತ್ತು ಗಾಳಿ ಹಿಂದಿನಿಂದ ಇದೆ."

ಅವರ ಕಸುಬಿನಲ್ಲಿ ಪ್ರಯಾಣವೆಂದರೆ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ. ಮನೆಗೆ ಬೀಗ ಹಾಕುವುದು, ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು, ಚೀಲದ ತಪಾಸಣೆಗೆ ನಿಲ್ಲುವುದು, ವಿಮಾನ ಹೊರಡುವವರೆಗೆ ಕುರ್ಚಿಯಲ್ಲಿ ಕಾಯುವುದು, ಇಳಿದ ಮೇಲೆ ಊರಾಚೆಯಿಂದ ಆಸ್ಪತ್ರೆಗೆ ಬರುವುದು, ಇವು ಯಾವುದೂ ಆ ಲೆಕ್ಕದೊಳಗಿಲ್ಲ. ಬೇರೆ ದಿನವಾಗಿದ್ದರೆ ಯೋಚಿಸಿ ಹೇಳುತ್ತಿದ್ದರೇನೋ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕಸುಬಿನ ಮಾತು.

ನಾನು ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಅಮ್ಮ ಮಲಗಿಬಿಟ್ಟಿದ್ದಳು. ಕೈ ಬೆಚ್ಚಗಿತ್ತು. ಕರೆದೆ, ಭುಜ ಅಲುಗಾಡಿಸಿದೆ, ಮಕ್ಕಳ ಹಾಗೆ ರಚ್ಚೆ ಹಿಡಿದೆ. ಕಣ್ಣು ತೆರೆಯಲಿಲ್ಲ.

ತಮ್ಮ ನನ್ನನ್ನು ಹೊರಗೆ ಕರೆದುಕೊಂಡು ಹೋದ. "ಬಾವ ಹೇಳಿದ್ದನ್ನೇ ಅಮ್ಮಂಗೆ ಹೇಳಿಬಿಟ್ಟೆ ಅಕ್ಕ. ಗಡಿಯಾರದ ಮೇಲಿಂದ ಕಣ್ಣು ತೆಗೀಲಿಲ್ಲ ಅವಳು. ಹೊತ್ತು ಮೀರಿದ ಮೇಲೂ ತಡಕೊಂಡ್ಲು. ನಿನ್ನ ಫೋನ್ ಸಿಗಲಿಲ್ಲ, ಬಾವ ಡ್ಯೂಟೀಲಿದ್ರು."

"ಕೊನೆಗೆ ಏನಂದ್ಲು?"

ಅವನಿಗೆ ಹೇಳಲು ಮನಸ್ಸಿರಲಿಲ್ಲ. ಬಿಡದೆ ಕೇಳಿದೆ.

"'ಅವಳಿಗೆ ಬಿಡುವಾಗಲಿಲ್ಲ ಅಂತ ಕಾಣುತ್ತೆ. ಯಾರೂ ಬೈಬೇಡಿ ಅವಳನ್ನ' ಅಂದ್ಲು. ಆಮೇಲೆ ಸೂಜಿಗೆ ಕೈ ಚಾಚಿದ್ಲು."

ನನಗೆ ಮೈಯೆಲ್ಲ ಉರಿದುಹೋಯಿತು. ಆಕಾಶದ ಗಾಳಿ ಗೊತ್ತಿರುವವರಿಗೆ ಕೆಳಗಿನ ಬೀದಿ ಗೊತ್ತಿರಬೇಡವೇ? ಬಿಡುವಾಗಲಿಲ್ಲ ಎಂದುಕೊಂಡೇ ಮಲಗಿದಳಲ್ಲ ನನ್ನ ಅಮ್ಮ! ಇವರ ಕರೆ ಮೇಲಿಂದ ಮೇಲೆ ಬರುತ್ತಿತ್ತು. ಎತ್ತಿದರೆ ನೀರಿಳಿಸಿಬಿಡುತ್ತೇನೆಂದು ಹಲ್ಲು ಕಚ್ಚಿ ಕೂತೆ.

ಸಂಜೆ ಅಮ್ಮ ಹೋದಳು. ಆಗ ಎತ್ತಿದೆ.

"ಅಮ್ಮ ಹೋದ್ಲು" ಎಂದೆ.

ಆ ಕಡೆ ಅವರು ಬಿಕ್ಕುವುದು ಕೇಳಿಸಿತು. ಇಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

"ನೀನು ಸಿಕ್ಕಿದ್ಯಲ್ಲ ಅವರಿಗೆ? ವಿಮಾನದ ಮೇಲೇ ಕಣ್ಣಿಟ್ಟಿದ್ದೆ, ಸರಿಯಾದ ಹೊತ್ತಿಗೆ ಇಳೀತು. ನಿನ್ನ ನೋಡಿದ್ರಲ್ಲ?"

ಕೂಡಿಟ್ಟ ಬೈಗುಳವೆಲ್ಲ ಗಂಟಲಿಗೇ ಬಂದಿತ್ತು. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

"ಹೂಂ, ನೋಡಿದ್ಲು."

"ಏನಂದ್ರು?"

"'ಬಂದ್ಯಲ್ಲ, ಸಾಕು' ಅಂದ್ಲು."